ಗೋಣಿ ಕಟ್ಟಿ ಕೂರಿಸಿದ ಹುಡುಗಿ

‘ಇವಳಿಗೆ ಅಭ್ಯಾಸ ಉಂಟು ಸರ್, ಮನೆಯಲ್ಲಿ ಇದೇ ಅಲ್ವಾ’ — ಈ ಮಾತನ್ನು ಆಡಿದವಳು ನಾನು. ಇಪ್ಪತ್ತು ವರ್ಷಗಳ ಹಿಂದೆ, ಉಪಜಿಲ್ಲಾ ಸಮಾಜ ವಿಜ್ಞಾನ ಮೇಳದಲ್ಲಿ, ಮೂವರು ತೀರ್ಪುಗಾರರ ಎದುರು, ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು ಬೆರಳು ಮಾಡಿ ತೋರಿಸಿ ಆಡಿದೆ. ಅದು ಸುಳ್ಳು. ಗೊತ್ತಿದ್ದೇ ಹೇಳಿದ ಸುಳ್ಳು. ಬಾಯಿ ತಪ್ಪಿ ಬಂದದ್ದಲ್ಲ, ತಮಾಷೆಗೆ ಹೇಳಿದ್ದೂ ಅಲ್ಲ — ಬಹುಮಾನ ಕೈತಪ್ಪಬಾರದು ಎಂದು ಹೇಳಿದ್ದು. ಕೈತಪ್ಪಲಿಲ್ಲ. ಎ ಗ್ರೇಡ್, ಪ್ರಥಮ ಸ್ಥಾನ. ಆ ಶೀಲ್ಡು ಈಗಲೂ ನಮ್ಮ ಶಾಲೆಯ ಆಫೀಸಿನ ಗಾಜಿನ ಕಪಾಟಿನಲ್ಲಿ ಇದೆ. ವರ್ಷಕ್ಕೊಮ್ಮೆ ಅದರ ಧೂಳು ಒರೆಸುವವಳೂ ನಾನೇ.

ಇದನ್ನು ಶಾಲೆಯ ಸ್ಮರಣ ಸಂಚಿಕೆಗಾಗಿ ಬರೆಯುತ್ತಿದ್ದೇನೆ. ಸಂಚಿಕೆಯ ಸಮಿತಿಯವರು ಕೇಳಿದ್ದು ಬೇರೆಯೇ. ಸಮಿತಿಯ ಕಾರ್ಯದರ್ಶಿ ಹಮೀದ್ ನನ್ನ ಹಳೆಯ ವಿದ್ಯಾರ್ಥಿ, ಈಗ ಬದಿಯಡ್ಕದಲ್ಲಿ ಫರ್ನಿಚರ್ ಅಂಗಡಿ ಇಟ್ಟಿದ್ದಾನೆ. ಅವನು ಫೋನ್ ಮಾಡಿದ್ದ.

“ಟೀಚರೇ, ನಿಮ್ಮ ಆ ಆದಿಮಾನವನ ಬಗ್ಗೆ ಒಂದು ಪುಟ ಬರೀರಿ. ನಮ್ಮ ಶಾಲೆಗೆ ಫಸ್ಟ್ ಪ್ರೈಸ್ ಬಂದದ್ದು ಅದೊಂದೇ ಅಲ್ವಾ. ಫೋಟೋ ಸಹ ಉಂಟಲ್ಲ ನಿಮ್ಮ ಹತ್ರ.”

“ಒಂದು ಪುಟದಲ್ಲಿ ಆಗ್ಲಿಕ್ಕಿಲ್ಲ ಹಮೀದ್.”

“ಒಂದೂವರೆ ಮಾಡುವ. ನನ್ನ ಅಂಗಡಿಯ ಜಾಹೀರಾತು ಸ್ವಲ್ಪ ಸಣ್ಣ ಮಾಡ್ತೇನೆ, ಆಯ್ತಾ?”

ಅವನ ಜಾಹೀರಾತು ಇನ್ನೂ ಸಣ್ಣದಾಗಬೇಕಾದೀತು. ಫೋಟೋ ಮಾತ್ರ ಸಿಗುವುದಿಲ್ಲ. ಅದರಲ್ಲಿರುವವಳನ್ನು ನಾನು ಒಮ್ಮೆ ಪ್ರದರ್ಶನಕ್ಕೆ ಇಟ್ಟಾಗಿದೆ, ಅಷ್ಟು ಸಾಕು.

ನನ್ನ ಬಗ್ಗೆ ಎರಡು ಮಾತು ಹೇಳಬೇಕು — ಕ್ಷಮೆಗಾಗಿ ಅಲ್ಲ, ಮುಂದಿನದು ಅರ್ಥವಾಗಲಿ ಎಂದು. ನಾನು ಚಿಂತೆ ಮಾಡುವ ಜಾತಿಯವಳು. ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ನೋಡಲು ಅರ್ಧ ದಾರಿಯಲ್ಲಿ ಬಸ್ಸಿನಿಂದ ಇಳಿದು ಮನೆಗೆ ಓಡಿದವಳು. ಮೇಳದಲ್ಲಿ ಚಿಂತೆಗೂ ಒಂದು ಸ್ಪರ್ಧೆ ಇದ್ದಿದ್ದರೆ ರಾಜ್ಯಮಟ್ಟಕ್ಕೆ ಹೋಗುತ್ತಿದ್ದೆ. ಆದಿಮಾನವನ ಪಾಠ ಮಾಡಿದರೆ ಇಗರ್ಜಿಯಲ್ಲಿ ಯಾರಾದರೂ ‘ಆದಾಮನೂ ಹವ್ವಳೂ ಎಲ್ಲಿಗೆ ಹೋದರು’ ಎಂದು ಕೇಳಿಯಾರೇ ಎಂಬ ಚಿಂತೆಯೂ ನನಗಿತ್ತು. ಯಾರೂ ಕೇಳಲಿಲ್ಲ. ನನ್ನ ತೊಂಬತ್ತು ಪಾಲು ಚಿಂತೆಗಳು ಹಾಗೆಯೇ — ಯಾರೂ ಕೇಳದ ಪ್ರಶ್ನೆಗಳಿಗೆ ಸಿದ್ಧವಾಗಿಟ್ಟ ಉತ್ತರಗಳು. ಕೇಳಬೇಕಾಗಿದ್ದ ಪ್ರಶ್ನೆಯೊಂದು ಇತ್ತು, ಅದನ್ನು ನಾನೇ ನನ್ನಲ್ಲಿ ಕೇಳಲಿಲ್ಲ. ಅದಕ್ಕೆ ಬರುತ್ತೇನೆ.

ಆ ವರ್ಷ ವರ್ಕಿಂಗ್ ಮಾಡೆಲ್ ವಿಭಾಗಕ್ಕೆ ‘ಆದಿಮಾನವ ಬದುಕಿ ಉಳಿದ ಬಗೆ’ ಎಂಬ ವಿಷಯ ಆರಿಸಿಕೊಂಡೆ. ನಿಯಮದಂತೆ ಇಬ್ಬರು ಮಕ್ಕಳು. ಒಬ್ಬ ಶ್ರೀನಿಧಿ, ಡಾಕ್ಟರರ ಮಗ, ಅಚ್ಚುಕಟ್ಟಾದ ಹುಡುಗ. ಇನ್ನೊಬ್ಬಳು ಚಂದ್ರಾವತಿ. ಅವಳ ಮನೆ ದೇಲಂಪಾಡಿ ಕಡೆಯ ಕಾಡಂಚಿನಲ್ಲಿ, ನಾವೆಲ್ಲ ‘ಕಾಲನಿ’ ಎಂದು ಕರೆದು ಸುಮ್ಮನಾಗುವ ಹತ್ತು ಮನೆಗಳಲ್ಲಿ ಒಂದು. ಅವಳ ತಾಯಿ ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದು ಮಾರುತ್ತಿದ್ದರು. ಅವರ ಸಮುದಾಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರವರಿಗೆ ಗೊತ್ತಾಗುತ್ತದೆ, ಹೊರಗಿನವರಿಗೆ ಗೊತ್ತಾಗಬೇಕಾಗಿಲ್ಲ. ಹುಡುಗಿಯ ಹೆಸರನ್ನೂ ಬದಲಿಸಿದ್ದೇನೆ.

ಚಂದ್ರಾವತಿಯನ್ನು ಆರಿಸಿದ್ದು ಅವಳ ತಲೆಗಾಗಿ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ನಂತರ ನಾನೇ ಇದನ್ನು ಮರೆತಂತೆ ನಡೆದುಕೊಂಡೆ. ಪಾಠ ಮಾಡುವಾಗ ನಾನು ಕಲ್ಲಿನ ಕೊಡಲಿ, ಕಲ್ಲಿನ ಚಾಕು ಎಂದು ಬೋರ್ಡಿನಲ್ಲಿ ಚಿತ್ರ ಬರೆಯುತ್ತಿದ್ದೆ. ಅವಳು ಎದ್ದು ನಿಂತಳು.

“ಟೀಚರ್, ಅವ್ರು ಗೆಡ್ಡೆ ಅಗೆದು ಎಂತದ್ರಲ್ಲಿ ತಂದದ್ದು?”

“ಕೈಯಲ್ಲಿ,” ಎಂದೆ.

“ಕೈಯಲ್ಲಿ ಎಷ್ಟು ತರ್ಲಿಕ್ಕಾಗ್ತದೆ? ಮಗು ಬೇರೆ ಇರ್ತದಲ್ಲ ಸೊಂಟದಲ್ಲಿ.” ತರಗತಿ ನಕ್ಕಿತು. ಅವಳು ನಗಲಿಲ್ಲ. “ಬುಟ್ಟಿಯೋ ಜೋಳಿಗೆಯೋ ಎಂತಾದ್ರೂ ಇದ್ದೇ ಇರ್ತದೆ ಟೀಚರ್. ಅದು ಕೊಳೆತು ಹೋಗಿರ್ತದೆ. ಕಲ್ಲು ಕೊಳೆಯುದಿಲ್ಲ, ಅದಕ್ಕೆ ಕಲ್ಲು ಮಾತ್ರ ಪುಸ್ತಕದಲ್ಲಿ ಉಂಟು.”

ಹದಿಮೂರು ವರ್ಷದ ಹುಡುಗಿ. ನಾನು ಬಿ.ಎಡ್. ಮಾಡಿ ಎಂಟು ವರ್ಷ ಪಾಠ ಹೇಳಿದ್ದೆ; ಒಮ್ಮೆಯೂ ನನಗೆ ಇದು ಹೊಳೆದಿರಲಿಲ್ಲ. ಮಣ್ಣಿನಡಿ ಉಳಿದದ್ದನ್ನು ಮಾತ್ರ ನೋಡಿ ನಾವು ಅವರಿಗೆ ‘ಶಿಲಾಯುಗದವರು’ ಎಂದು ಹೆಸರಿಟ್ಟೆವು. ಅವರನ್ನು ಬದುಕಿಸಿದ್ದರಲ್ಲಿ ಬಹುಪಾಲು — ಹಗ್ಗ, ಚರ್ಮ, ಎಲೆ, ನಾರು, ಬುಟ್ಟಿ — ಉಳಿಯಲೇ ಇಲ್ಲ. ಇನ್ನೊಂದು ದಿನ ಕಹಿ ಕಾಡುಗೆಣಸಿನ ಮಾತು ಬಂತು. ಅದನ್ನು ಹೆಚ್ಚಿ, ಹರಿಯುವ ನೀರಿನಲ್ಲಿಟ್ಟು ವಿಷ ತೆಗೆಯಬೇಕೆಂದು ಯಾರಿಗೆ ಮೊದಲು ಗೊತ್ತಾಗಿರಬಹುದು ಎಂದೆ. “ಮೊದಲು ತಿಂದವ ಸತ್ತಿರ್ಬೇಕು,” ಎಂದಳು. “ನೋಡಿಕೊಂಡು ಇದ್ದವನಿಗೆ ಗೊತ್ತಾದದ್ದು. ಒಬ್ಬನೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.” ಮನುಷ್ಯ ಉಳಿದದ್ದು ಉಗುರು ಹಲ್ಲುಗಳಿಂದಲ್ಲ, ಗುಂಪಿನಿಂದ, ಒಬ್ಬ ಕಲಿತದ್ದನ್ನು ಇನ್ನೊಬ್ಬನಿಗೆ ದಾಟಿಸಿದ್ದರಿಂದ ಎಂದು ನಾನು ಒಂದು ಪೀರಿಯಡ್ ಪೂರ್ತಿ ವಿವರಿಸುತ್ತಿದ್ದುದನ್ನು ಅವಳು ಎರಡು ವಾಕ್ಯದಲ್ಲಿ ಮುಗಿಸಿದಳು.

ಹಾಗಾಗಿ ತೀರ್ಪುಗಾರರಿಗೆ ವಿವರಿಸುವವಳು ಚಂದ್ರಾವತಿ ಎಂದು ನಿಶ್ಚಯವಾಯಿತು. ಶ್ರೀನಿಧಿ ಮರದ ಕೋಲನ್ನು ಬಿಲ್ಲಿನ ಹಗ್ಗದಿಂದ ತಿರುಗಿಸಿ ಬೆಂಕಿ ಹುಟ್ಟಿಸುವುದು. ತಟ್ಟಿಗೆ ಮಣ್ಣು ಮೆತ್ತಿ ಮಾಡಿದ, ಒಬ್ಬರು ಕೂರುವಷ್ಟು ದೊಡ್ಡ ಗುಹೆ; ಅದರೊಳಗೆ ಕೂರಲು ಮಕ್ಕಳಷ್ಟೇ ಎತ್ತರದ ಒಂದು ಜೇಡಿಮಣ್ಣಿನ ಗೊಂಬೆ — ಆದಿಮಾನವ, ಗೋಣಿಚೀಲ ಉಟ್ಟವನು. ಬೆಂಕಿ ಮಾಡುವ ಉಪಾಯವನ್ನು ನಾನು ಪುಸ್ತಕದಲ್ಲಿ ನೋಡಿ ಕಲಿತಿದ್ದೆ. ಶಾಲೆಯ ಹಿಂದಿನ ಕೆಂಪು ಮುರಕಲ್ಲಿನ ಬಯಲಿನಲ್ಲಿ ಎರಡು ವಾರ ಅಭ್ಯಾಸ. ಶ್ರೀನಿಧಿಯ ಕೈಯಲ್ಲಿ ಹೊಗೆ ಮಾತ್ರ ಬರುತ್ತಿತ್ತು. ಚಂದ್ರಾವತಿ ಹಟ ಹಿಡಿದು ಅದನ್ನೂ ಕಲಿತಳು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದು, ಹತ್ತನೆಯ ದಿನ ತೆಂಗಿನ ನಾರಿನಲ್ಲಿ ಕಿಡಿ ಹತ್ತಿಸಿದಳು. ಆದಿಮಾನವನಿಗೆ ತೆಂಗಿನ ನಾರು ಎಲ್ಲಿಂದ ಬಂತು ಎಂದು ಕೇಳಬೇಡಿ. ಆಗಲೂ ಯಾರೂ ಕೇಳಲಿಲ್ಲ.

ಮೇಳದ ದಿನ ಜೀಪಿನಲ್ಲಿ ಹೊರಟೆವು. ನಮ್ಮ ರಸ್ತೆ ನಿಮಗೆ ಗೊತ್ತೇ ಇದೆ. ಇಳಿದು ನೋಡಿದರೆ ಗೊಂಬೆಯ ಎರಡೂ ಕೈ, ಕುತ್ತಿಗೆ ಮುರಿದಿತ್ತು. ಪಕ್ಕದ ಮೇಜಿನಲ್ಲಿ ಬೇರೆ ಶಾಲೆಯ ಹುಡುಗನೊಬ್ಬ ಗ್ರಂಥದ ಕನ್ನಡದಲ್ಲಿ ಗಿಳಿಯಂತೆ ಒಪ್ಪಿಸುತ್ತಿದ್ದ. ನನಗೆ ಚಿಂತೆ ಶುರುವಾಯಿತು. ಚಂದ್ರಾವತಿಯ ಕನ್ನಡದಲ್ಲಿ ತುಳು ನುಸುಳುತ್ತದೆ. ತೀರ್ಪುಗಾರರು ಅಂಕ ಕಳೆದರೆ? ಗುಹೆ ಖಾಲಿ ಕಂಡರೆ? ಕೊನೆಯ ಹತ್ತು ನಿಮಿಷ —

ಮುರಿದ ಗೊಂಬೆಯ ಗೋಣಿಯನ್ನು ಬಿಚ್ಚಿ ಚಂದ್ರಾವತಿಯ ಯೂನಿಫಾರ್ಮಿನ ಮೇಲೆ ಕಟ್ಟಿದೆ.

“ಟೀಚರ್, ನಾನು ಹೇಳುದಲ್ವಾ?”

“ಶ್ರೀನಿಧಿ ಹೇಳ್ತಾನೆ. ನೀನು ಒಳಗೆ ಕೂತು ಬೆಂಕಿ ಮಾಡು. ನೀನು ಚಂದ ಮಾಡ್ತಿ ಅಲ್ವಾ ಅದನ್ನು.”

ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ “ಆಯ್ತು” ಎಂದು ಬಗ್ಗಿ ಒಳಗೆ ಹೋಗಿ ಕುಳಿತಳು.

ಕೇಳಬೇಕಾಗಿದ್ದ ಪ್ರಶ್ನೆ ಇದು: ಶ್ರೀನಿಧಿಗೆ ಯಾಕೆ ಗೋಣಿ ಕಟ್ಟಲಿಲ್ಲ? ಅವನೂ ಅಲ್ಲಿಯೇ ನಿಂತಿದ್ದ. ಬೆಂಕಿ ಅವನ ಕೈಯಲ್ಲಿ ಹತ್ತುವುದಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಉತ್ತರ ಹೇಳಿಕೊಂಡೆ. ಸುಳ್ಳು. ಹೊಗೆಗೂ ಅಂಕ ಕೊಡುತ್ತಿದ್ದರು. ನಿಜವೆಂದರೆ, ಆ ಯೋಚನೆಯೇ ನನಗೆ ಬರಲಿಲ್ಲ. ಇರುವ ಇಲ್ಲದ ಎಲ್ಲದರ ಬಗ್ಗೆ ಚಿಂತಿಸುವ ನನ್ನ ಈ ಮಹಾ ತಲೆಗೆ, ಡಾಕ್ಟರರ ಮಗನಿಗೆ ಗೋಣಿ ಉಡಿಸಬಹುದು ಎಂದು ಹೊಳೆಯಲೇ ಇಲ್ಲ. ಕಾಲನಿಯ ಹುಡುಗಿಗೆ ಉಡಿಸಲು ಹೊಳೆಯಬೇಕಾಗಿಯೇ ಇರಲಿಲ್ಲ — ಕೈ ತಾನಾಗಿ ಹೋಯಿತು.

ತೀರ್ಪುಗಾರರು ಬಂದರು. ಶ್ರೀನಿಧಿ ಬುಟ್ಟಿ ಕೊಳೆತುಹೋದ ಮಾತನ್ನು, ಕಹಿಗೆಣಸಿನ ಮಾತನ್ನು, ಅವಳ ಮಾತುಗಳನ್ನೆಲ್ಲ, ಅಂದವಾಗಿ ಒಪ್ಪಿಸಿದ. ಅವರು ತಲೆದೂಗಿ ಬರೆದುಕೊಂಡರು. ಗುಹೆಯೊಳಗೆ ಅವಳು ಬಿಲ್ಲು ಎಳೆದಳು, ಮೂರು ನಿಮಿಷದಲ್ಲಿ ನಾರು ಹೊತ್ತಿಕೊಂಡಿತು. ಒಬ್ಬರಿಗೆ ಸಂಶಯ ಬಂತು. “ಇಷ್ಟು ಬೇಗ? ನಾರಿಗೆ ಎಂತಾದ್ರೂ ಹಾಕಿದ್ದೀರಾ ಟೀಚರ್, ಸೀಮೆಎಣ್ಣೆ?” ಅನರ್ಹ, ಅವಮಾನ, ಹೆಡ್‌ಮಾಸ್ಟರರ ಮುಖ... ‘ಎರಡು ವಾರ ಅಭ್ಯಾಸ ಮಾಡಿದ್ದಾಳೆ ಸರ್, ಅಂಗೈ ನೋಡಿ’ ಎಂದರೆ ಮುಗಿಯುತ್ತಿತ್ತು. ಅದು ನಿಜವೂ ಆಗಿತ್ತು. ಆದರೆ ಅಭ್ಯಾಸ ಎಂದರೆ ಅವರು ನಂಬುತ್ತಾರೋ ಇಲ್ಲವೋ. ಇನ್ನೊಂದು ಮಾತು ಹೇಳಿದರೆ ಖಂಡಿತ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ಅದನ್ನೇ, ಈ ಬರಹದ ಮೊದಲ ಸಾಲನ್ನೇ, ಹೇಳಿದೆ.

ನಂಬಿದರು. ಮೂವರೂ ನಕ್ಕರು. ನಾನೂ ನಕ್ಕೆ. ಒಬ್ಬರು ಬಗ್ಗಿ ಗುಹೆಯೊಳಗೆ ನೋಡಿ, “ಹಾಗೆ ಹೇಳಿ, ಒರಿಜಿನಲ್ಲೇ!” ಎಂದರು. ಚಂದ್ರಾವತಿ ಕೋಲನ್ನು ಕೆಳಗಿಟ್ಟು, ಹೊತ್ತಿದ ನಾರನ್ನು ಬರಿಗೈಯಲ್ಲಿ ಒತ್ತಿ ನಂದಿಸಿದಳು.

ಮುಂದಿನ ವಾರ ಅವಳ ತಾಯಿ ಶಾಲೆಗೆ ಬಂದರು. ವರಾಂಡದಲ್ಲಿ ನಿಂತು, ಜಗಳವಲ್ಲ, ಬಹಳ ತಾಳ್ಮೆಯಿಂದ, ನನಗೆ ತಿಳಿಯದ ವಿಷಯವೊಂದನ್ನು ತಿಳಿಸುವವರ ಹಾಗೆ ಹೇಳಿದರು: “ಟೀಚರೇ, ನಮ್ಮ ಮನೆಯಲ್ಲಿ ಬೆಂಕಿಪೆಟ್ಟಿಗೆ ಉಂಟು.”

ಬೆಲ್ ಆಯಿತು ಎಂದೆ, ಬೆಲ್ ಆಗಿರಲಿಲ್ಲ.

ಮಕ್ಕಳು ಅವಳನ್ನು ‘ಆದಿ’ ಎಂದು ಕರೆಯತೊಡಗಿದ್ದರು. ಎರಡು ತಿಂಗಳಲ್ಲಿ ಅವಳು ಶಾಲೆಗೆ ಬರುವುದನ್ನು ಬಿಟ್ಟಳು. ತಾಯಿ ಇನ್ನೆರಡು ಸಲ ಬಂದರು — ಮಗಳಿಗೆ ಹೇಳಿ ಒಪ್ಪಿಸಿ, ನೀವು ಬಂದು ಕರೆದರೆ ಬರುತ್ತಾಳೆ ಎಂದು ಹೇಳಲು. ಎರಡು ಸಲವೂ ನಾನು ಭೂಪಟಗಳನ್ನಿಡುವ ಕೋಣೆಯಲ್ಲಿ, ಏಷ್ಯಾ ಖಂಡದ ಹಿಂದೆ ನಿಂತಿದ್ದೆ. ನಗು ಬಂದರೆ ನಗಿ. ನನಗೂ ಬರುತ್ತದೆ, ಆಮೇಲೆ ನಿಲ್ಲುತ್ತದೆ.

ನಮ್ಮಲ್ಲಿ ಪಾದ್ರಿಗಳ ಕಿವಿಯಲ್ಲಿ ಪಾಪ ಹೇಳಿಕೊಳ್ಳುವ ಕುಮ್ಸಾರ್ ಎಂಬ ಪದ್ಧತಿ ಉಂಟು. ಆ ವರ್ಷವೇ ಹೇಳಿಕೊಂಡೆ. ಹೇಗೆ? ‘ಒಂದು ಮಗುವಿಗೆ ನೋವಾಗುವ ಹಾಗೆ ಮಾತಾಡಿದೆ ಫಾದರ್.’ ಕೋಪದಲ್ಲಿಯೋ ಎಂದು ಕೇಳಿದರು. ಅಲ್ಲ, ಭಯದಲ್ಲಿ ಎಂದೆ. ಹತ್ತು ಜಪ ಕೊಟ್ಟರು. ಮನೆಗೆ ಬರುವ ದಾರಿಯಲ್ಲೇ ಮುಗಿಸಿದೆ. ಪಾದ್ರಿಗಳ ತಪ್ಪಿಲ್ಲ, ನಾನು ತೊಳೆದು, ಇಸ್ತ್ರಿ ಮಾಡಿ ಕೊಟ್ಟ ಪಾಪಕ್ಕೆ ಅವರು ಇನ್ನೆಷ್ಟು ಕೊಟ್ಟಾರು?

ಈಗ ನೀವು ಹೇಳಬಹುದಾದದ್ದು ನನಗೆ ಗೊತ್ತಿದೆ. ಹೇಳಿ, ನಾನು ಇಲ್ಲೇ ಇದ್ದೇನೆ. ‘ಆಗಿನ ಕಾಲ ಹಾಗಿತ್ತು ಟೀಚರ್.’ ಕಾಲ ಏನು ಮಾಡಿತು? ಗೋಣಿಯ ಗಂಟು ಹಾಕಿದ್ದು ಕಾಲವಲ್ಲ. ‘ಅವರ ಕಸುಬಿಗೆ ಗೌರವ ಕೊಟ್ಟ ಹಾಗೆಯೇ ಆಯಿತಲ್ಲ.’ ಇಲ್ಲ, ಸ್ವಾಮಿ. ಕಲ್ಲು ಕುಟ್ಟಿ, ಗೆಡ್ಡೆ ಅಗೆದು, ಬೆಂಕಿ ಕಾಯ್ದು ಬದುಕಿದವರು ನನ್ನ ಹಿರಿಯರೂ ಹೌದು, ಹಮೀದನ ಹಿರಿಯರೂ ಹೌದು, ಆ ಡಾಕ್ಟರರ ಹಿರಿಯರೂ ಹೌದು. ಚಂದ್ರಾವತಿಯ ಅಜ್ಜಿ ನನ್ನ ಅಜ್ಜಿಗಿಂತ ಒಂದು ದಿನವೂ ಹಿಂದಿನವಳಲ್ಲ. ಬುಟ್ಟಿ ಹೆಣೆಯುವ ಕೈ ಈ ಕಾಲದ್ದೇ. ಸಂತೆಯಲ್ಲಿ ಅದನ್ನು ಕೊಂಡವರೂ ನಾವೇ. ಇದನ್ನು ಪಾಠದಲ್ಲಿ ನಾನೇ ಹೇಳುತ್ತಿದ್ದೆ — ‘ನಾವೆಲ್ಲರೂ ಒಂದೇ ಮೂಲದವರು ಮಕ್ಕಳೇ’ — ಬೋರ್ಡಿನಲ್ಲಿ ಬರೆಯುತ್ತಿದ್ದೆ, ಕೆಳಗೆ ಗೀಟು ಸಹ ಹಾಕುತ್ತಿದ್ದೆ.

ಹಮೀದ್ ಫೋನ್ ಮಾಡಿದ ಮೇಲೆ ಮೂರು ದಿನ ಬರೆಯಲು ಕುಳಿತೆ. ‘ನಮ್ಮ ಶಾಲೆಗೆ ಅದೊಂದು ಅವಿಸ್ಮರಣೀಯ ಗಳಿಗೆ’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ನಾಲ್ಕನೆಯ ದಿನ ಬದಿಯಡ್ಕಕ್ಕೆ ಹೋದೆ. ಚಂದ್ರಾವತಿ ಅಲ್ಲಿ ಆಟೋ ಓಡಿಸುತ್ತಾಳೆ ಎಂದು ನನಗೆ ಆರು ವರ್ಷಗಳಿಂದ ಗೊತ್ತು. ಆರು ವರ್ಷಗಳಿಂದ ಆ ಸ್ಟ್ಯಾಂಡ್ ಬಿಟ್ಟು ಸುತ್ತು ಬಳಸಿ ನಡೆದಿದ್ದೇನೆ. ಅಂದು ನೇರ ಹೋಗಿ ಅವಳ ಗಾಡಿಯಲ್ಲಿ ಕುಳಿತೆ.

“ಎಲ್ಲಿಗೆ ಟೀಚರೇ?” ಎಂದಳು. ತಿರುಗಿ ನೋಡಿರಲಿಲ್ಲ; ಕನ್ನಡಿಯಲ್ಲಿ ಗುರುತು ಹಿಡಿದಿದ್ದಳು.

“ಸ್ವಲ್ಪ ಮಾತಾಡ್ಲಿಕ್ಕುಂಟು.”

“ಮಾತಾಡ್ಲಿಕ್ಕೆ ಅಂತ ಯಾವ ಊರೂ ಇಲ್ಲ. ಎಲ್ಲಿಗೆ ಹೇಳಿ.”

ಶಾಲೆಗೆ ಎಂದೆ. ಗಾಡಿ ಹೊರಟಿತು. ಹಿಂದಿನಿಂದ, ಅವಳ ಕುತ್ತಿಗೆಗೆ, ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ. ಅವಳು ಒಂದು ಬಸ್ಸಿಗೆ ದಾರಿ ಬಿಟ್ಟು, ಮತ್ತೆ ಗೇರ್ ಹಾಕಿದಳು.

“ನೀವು ಹೇಳಿದ್ದು ನಂಗೆ ಗೊತ್ತೇ ಉಂಟಲ್ಲ. ನಾನು ಅಲ್ಲೇ ಕೂತಿದ್ದೆ. ಗೋಣಿ ಸೊಂಟಕ್ಕೆ ಕಟ್ಟಿದ್ದು, ಕಿವಿಗೆ ಅಲ್ಲ.”

“ಮಕ್ಕಳು ಹಾಗೆ ಕರೆದದ್ದಕ್ಕೆ ನೀನು...”

“ಅದಕ್ಕೆಲ್ಲ ಬಿಡುವವಳಾ ನಾನು? ಇಬ್ಬರಿಗೆ ಸರೀ ಕೊಟ್ಟಿದ್ದೇನೆ, ನಿಮ್ಗೆ ಗೊತ್ತಿಲ್ಲ. ನೀವು ನನ್ನ ಹತ್ರ ಪ್ರಶ್ನೆ ಕೇಳುದು ನಿಲ್ಲಿಸಿದ್ರಿ ಟೀಚರೇ. ಕೈ ಎತ್ತಿದ್ರೂ ನೋಡ್ಲಿಲ್ಲ. ಮತ್ತೆ ಎಂತಕ್ಕೆ ಬರುದು?”

ಇದು ನನಗೆ ಗೊತ್ತಿರಲಿಲ್ಲ. ಅಲ್ಲ — ಗೊತ್ತಿತ್ತು. ಅವಳ ಬೆಂಚಿನ ಕಡೆ ನನ್ನ ಕಣ್ಣು ಹೋಗುತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದು ವಾಕ್ಯದ ಬಗ್ಗೆ ಕೊರಗಿದ್ದೆ. ಅವಳನ್ನು ಹೊರಗೆ ಹಾಕಿದ್ದು ಎರಡು ತಿಂಗಳ ನನ್ನ ಮೌನ.

ಕ್ಷಮಿಸು ಎಂದೆ. “ಕ್ಷಮೆ ಎಂತಕ್ಕೆ, ನಿಮ್ಗೆ ನಿದ್ರೆ ಬರ್ಲಿಕ್ಕಾ?” ಎಂದಳು. ಶಾಲೆಯ ಗೇಟಿನ ಎದುರು ಗಾಡಿ ನಿಲ್ಲಿಸಿ, ಆಗ ಮೊದಲ ಸಲ ತಿರುಗಿದಳು.

“ಲೈಸೆನ್ಸ್ ಮಾಡುವಾಗ ಸರ್ಟಿಫಿಕೇಟಿಗೆ ಬಂದಿದ್ದೆ. ನೀವು ಅವತ್ತು ರಜೆ. ಕ್ಲರ್ಕ್ ರಿಜಿಸ್ಟರ್ ತೆಗೆದ್ರು, ನಾನೂ ನೋಡಿದೆ. ಶಾಲೆ ಬಿಟ್ಟ ಕಾರಣ — ತಾಯಿಗೆ ಓದಿಸುವ ಆಸಕ್ತಿ ಇಲ್ಲ. ನಿಮ್ಮ ಅಕ್ಷರ. ಅದು ನಂಗೆ ಗೊತ್ತಾಗ್ಲಿಕ್ಕಿಲ್ವಾ? ಅಮ್ಮನ ಹತ್ರ ಇವತ್ತಿನವರೆಗೆ ಹೇಳ್ಲಿಲ್ಲ ನಾನು. ನನ್ನನ್ನು ಎಂತ ಬೇಕಾದ್ರೂ ಮಾಡಿ ಆಯ್ತು ನೀವು. ಅಮ್ಮನ ಮೇಲೆ ಬರೆದದ್ದನ್ನು ತೆಗೀರಿ.”

ಅಷ್ಟೇ ಅವಳು ಕೇಳಿದ್ದು.

ಹೌದು, ಬರೆದಿದ್ದೆ. ವರ್ಷದ ಕೊನೆಗೆ, ಆ ಕಾಲಂ ಖಾಲಿ ಇದ್ದರೆ ಮೇಲಿನವರು ಪ್ರಶ್ನಿಸುತ್ತಾರೆ ಎಂದು, ಒಂದೇ ಸಾಲು. ಅದನ್ನು ನಿಜವಾಗಿಯೂ ಮರೆತಿದ್ದೆ. ಆಡಿದ್ದು ನೆನಪಿತ್ತು, ಬರೆದದ್ದು ಮರೆತುಹೋಗಿತ್ತು. ಮಗಳಿಗಾಗಿ ಮೂರು ಸಲ ಕಾಡಿನಂಚಿನಿಂದ ನಡೆದು ಬಂದ ಹೆಂಗಸಿನ ಹೆಸರಿನ ಮುಂದೆ, ನೀಲಿ ಶಾಯಿಯಲ್ಲಿ.

ಮರುದಿನ ಹೆಡ್‌ಮಾಸ್ಟರರ ಬಳಿ ರಿಜಿಸ್ಟರ್ ಕೇಳಿದೆ. ನನಗಿಂತ ಹತ್ತು ವರ್ಷ ಸಣ್ಣವರು, ಒಳ್ಳೆಯವರು, ನನ್ನಷ್ಟೇ ಹೆದರಿಕೆಯವರು. “ಟೀಚರ್, ದಾಖಲೆ ತಿದ್ಲಿಕ್ಕೆ ಒಂದು ಕ್ರಮ ಉಂಟು. ಉಪಜಿಲ್ಲಾ ಆಫೀಸಿಗೆ ಅರ್ಜಿ ಕೊಡುವ, ಅವರು ಹೇಳ್ಲಿ. ನಿಮ್ಮ ರಿಟೈರ್‌ಮೆಂಟ್ ಬೇರೆ ಹತ್ರ ಉಂಟು, ಸುಮ್ನೆ ಎಂತಕ್ಕೆ?”

“ಸುಳ್ಳು ಬರೆಯುವಾಗ ನಾನು ಯಾರಿಗೂ ಅರ್ಜಿ ಕೊಡ್ಲಿಲ್ಲ ಸರ್.”

ಅವರು ಗಾಬರಿಯಾಗಿ ಎದ್ದು ಕಿಟಕಿಯ ಕಡೆ ಹೋದರು — ತಡೆಯಲಿಲ್ಲ, ನೋಡಲೂ ಇಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಹಾಜರಿ ಪುಸ್ತಕದ ಒಂದು ಚುಕ್ಕಿಯನ್ನೂ ಅಪ್ಪಣೆಯಿಲ್ಲದೆ ತಿದ್ದದ ನಾನು, ಕಪಾಟಿನಿಂದ ರಿಜಿಸ್ಟರ್ ತೆಗೆದು ಆ ಸಾಲಿನ ಮೇಲೆ ಗೀಟು ಎಳೆದೆ. ಓದಲು ಬರುವ ಹಾಗೆಯೇ ಎಳೆದೆ. ಸುಳ್ಳು ಅಳಿಸಿಹೋಗಬಾರದು, ಸುಳ್ಳೆಂದು ಕಾಣಬೇಕು. ಕೆಳಗೆ ಬರೆದೆ: ‘ಮೇಲಿನದು ಸುಳ್ಳು. ತಾಯಿ ಮಗಳನ್ನು ಓದಿಸಲು ಬಯಸಿ ಎರಡು ಸಲ ಶಾಲೆಗೆ ಬಂದಿದ್ದರು. ವಿದ್ಯಾರ್ಥಿನಿ ಶಾಲೆ ಬಿಟ್ಟದ್ದು ನನ್ನ ನಡವಳಿಕೆಯಿಂದ.’ ಹೆಸರು, ಹುದ್ದೆ, ಸಹಿ, ತಾರೀಕು. ಅಕ್ಷರ ದುಂಡಗೆ ಬಂದಿದೆ.

ಸರ್ಕಾರಿ ದಾಖಲೆ ತಿದ್ದಿದ್ದಕ್ಕೆ ನೋಟಿಸು ಬರಬಹುದು. ಬರಲಿ. ಹಮೀದ್ ಇದನ್ನು ಓದಿ ‘ಅಯ್ಯೋ ಟೀಚರೇ, ಸಂಭ್ರಮದ ಪುಸ್ತಕಕ್ಕೆ ಇದು ಬೇಕಾ’ ಎನ್ನಬಹುದು. ಹಮೀದ್, ಬೇಕು. ಒಂದು ಸಾಲು ತೆಗೆದರೂ ಇದನ್ನು ನಾನೇ ಬಿಳಿಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಅಂಟು ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ, ನಾನು ಅಂಥವಳು.

ತಿದ್ದಿದ ಸಂಗತಿಯನ್ನು ಚಂದ್ರಾವತಿಗೆ ಫೋನಿನಲ್ಲಿ ಬರೆದು ತಿಳಿಸಿದೆ. ಸಂಜೆ ಉತ್ತರ ಬಂತು: ‘ಶುಕ್ರವಾರ ಅಮ್ಮನನ್ನು ಕರ್ಕೊಂಡು ಬರ್ತೇನೆ. ಅವರಿಗೆ ಓದ್ಲಿಕ್ಕೆ ಬರುದಿಲ್ಲ. ನಾನು ಓದಿ ಹೇಳ್ತೇನೆ.’ ನನ್ನ ಬಗ್ಗೆ ಒಂದು ಮಾತೂ ಇಲ್ಲ, ಇರಬೇಕಾಗಿಯೂ ಇಲ್ಲ. ಅವರು ಬರುವುದು ನನ್ನನ್ನು ನೋಡಲು ಅಲ್ಲ, ಆ ಪುಟವನ್ನು ನೋಡಲು. ಆದರೂ ರಿಜಿಸ್ಟರನ್ನು ಕಪಾಟಿನಿಂದ ತೆಗೆದು ಎದುರಿಗಿಡುವವರು ಒಬ್ಬರು ಬೇಕಲ್ಲ.

ನಾನಿರುತ್ತೇನೆ.